ಹದಿನೇಳನೇ ಪ್ರಶ್ನೆಯ ಹಸಿರು ಉತ್ತರ

ನಾನು ಅನುಮಾನದ ಮನುಷ್ಯ. ಇದನ್ನು ನನ್ನ ಹೆಂಡತಿ ಪ್ರಭಾ ಬೈಗುಳವಾಗಿ ಹೇಳುತ್ತಾಳೆ, ನಾನು ಉದ್ಯೋಗವಾಗಿ ಹೇಳಿಕೊಳ್ಳುತ್ತೇನೆ. ಹೊಸಕೋಟೆ ಪಕ್ಕದ ಪಿಲ್ಲಗುಂಪೆಯಲ್ಲಿ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವ ಒಂದು ಫ್ಯಾಕ್ಟರಿ. ಅದರ ಟೆಸ್ಟಿಂಗ್ ವಿಭಾಗಕ್ಕೆ ನಾನು ಸೂಪರ್‌ವೈಸರ್. ರಿಪೇರಿಯವರು "ಎಲ್ಲಾ ಸರಿಹೋಗಿದೆ" ಎಂದು ಕಳಿಸಿದ್ದನ್ನು "ಹೋಗಿರಲಾರದು" ಎಂದುಕೊಂಡು ನೋಡುವುದಕ್ಕೇ ನನಗೆ ಇಪ್ಪತ್ತೆಂಟು ವರ್ಷಗಳಿಂದ ಸಂಬಳ ಕೊಡುತ್ತಿದ್ದಾರೆ. ಲೈನ್ ಆಫ್ ಆಗಿದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಟೆಸ್ಟರ್ ಹೇಳಿದರೂ ನಂಬುವುದಿಲ್ಲ. ಟೆಸ್ಟರೇ ಕೆಟ್ಟಿದೆಯೇನೋ ಎಂದು, ಕರೆಂಟ್ ಖಂಡಿತ ಇರುವ ಇನ್ನೊಂದು ಕಡೆ ಅದನ್ನು ಇಟ್ಟು ನೋಡಿ ಬರುತ್ತೇನೆ. ಹೀಗೆ ಯಾರನ್ನೂ ಯಾವುದನ್ನೂ ನಂಬದೇ ಇದ್ದದ್ದರಿಂದಲೇ ನನ್ನ ಹತ್ತು ಬೆರಳುಗಳೂ ಇನ್ನೂ ನನ್ನ ಕೈಯಲ್ಲೇ ಇವೆ.

ತೊಂದರೆ ಏನೆಂದರೆ, ಈ ಅಭ್ಯಾಸ ಸಂಜೆ ಫ್ಯಾಕ್ಟರಿ ಗೇಟಿನಲ್ಲಿ ಇಳಿದುಕೊಳ್ಳುವುದಿಲ್ಲ. ನನ್ನ ಜೊತೆ ಸ್ಕೂಟರ್ ಹತ್ತಿ ಮನೆಗೂ ಬರುತ್ತದೆ. ಪ್ರಭಾ "ಗ್ಯಾಸ್ ಆಫ್ ಮಾಡಿದೀನಿ" ಎಂದರೆ ನಾನು "ಹೌದಾ" ಎನ್ನುತ್ತಲೇ ಅಡುಗೆಮನೆಗೆ ನಡೆದಿರುತ್ತೇನೆ. ಮದುವೆಗೆ ಮುಂಚೆ ಹೆಣ್ಣು ನೋಡಲು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆವು. ನನ್ನ ಮಾವನವರದು ಮಗ್ಗದ ಮನೆ. ಹುಡುಗಿ ಕಾಫಿ ತಂದು ಎದುರಿಗೆ ನಿಂತಿದ್ದಾಳೆ, ನನ್ನ ಕಣ್ಣು ಮಾತ್ರ ಅವಳ ಹಿಂದೆ ಮಗ್ಗದ ಕೋಣೆಯ ಸ್ವಿಚ್‌ಬೋರ್ಡಿನ ಮೇಲೆ. ಅದರೊಳಗೆ ಎಲ್ಲೋ ಚಿಟಿಚಿಟಿ ಎನ್ನುತ್ತಿತ್ತು. ಹುಡುಗ ಮಗ್ಗ ಎಷ್ಟಿವೆ ಎಂದು ಎಣಿಸುತ್ತಿದ್ದಾನೆ ಎಂದು ಮಾವನವರ ಮುಖ ಬಿಗಿದುಕೊಂಡಿತು. ಬೋರ್ಡ್ ಬಿಚ್ಚಿಸಿ ಒಳಗಿನ ಸುಟ್ಟ ತಂತಿ ತೋರಿಸಿದ ಮೇಲೆಯೇ ಮಾತುಕತೆ ಮುಂದುವರಿದದ್ದು. "ಆವತ್ತು ಇವ್ರು ನನ್ ಮುಖಾನೇ ನೋಡ್ಲಿಲ್ಲ" ಎಂದು ಪ್ರಭಾ ಬಂದವರಿಗೆಲ್ಲ ಈಗಲೂ ಹೇಳುತ್ತಾಳೆ. ನೋಡಿದ್ದೆ, ಆದರೆ ಬೋರ್ಡಿನ ಆಮೇಲೆ.

ಇಂಥ ನನ್ನ ಕೈಗೆ ಹೋದ ವರ್ಷ ಒಂದು ಪರೀಕ್ಷೆ ಬಂತು. ದೊಡ್ಡ ಗಿರಾಕಿಯೊಬ್ಬರು, ಟೆಸ್ಟಿಂಗ್ ಮಾಡುವವರೆಲ್ಲ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗಿರಬೇಕು ಎಂದು ಪಟ್ಟು ಹಿಡಿದರಂತೆ. ಪಾಸಾಗದವರನ್ನು ಪ್ಯಾಕಿಂಗಿಗೆ ಹಾಕುವುದಾಗಿ ಮ್ಯಾನೇಜರು ಹೇಳಿದರು. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಅಲ್ಲಿಯವರೆಗೆ ಅಭ್ಯಾಸಕ್ಕೆಂದು ಅವರೇ ಇಂಟರ್‌ನೆಟ್ಟಿನಲ್ಲಿ ಒಂದು ಸೈಟ್ ಹುಡುಕಿಕೊಟ್ಟರು. ಕನ್ನಡದಲ್ಲೇ ಐವತ್ತು ಪ್ರಶ್ನೆ. ಸರಿಯಾದ ಉತ್ತರ ಒತ್ತಿದರೆ ಹಸಿರು, ತಪ್ಪಾದರೆ ಕೆಂಪು.

ನಮ್ಮ ವಿಭಾಗದಲ್ಲಿ ಇರುವುದೇ ಮೂರು ಜನ. ನಾನೊಬ್ಬ. ಇನ್ನೊಬ್ಬ ಮುನಿರಾಜು, ಹದಿನೆಂಟು ವರ್ಷದ ಅನುಭವದವನು; ಕೈ ಚುರುಕು, ಬಾಯಿ ಇನ್ನೂ ಚುರುಕು. ಯಾವ ಕೆಲಸಕ್ಕೂ ಒಂದು ಒಳದಾರಿ ಇರುತ್ತದೆ ಎಂದು ನಂಬಿದ ಮನುಷ್ಯ. ಮೂರನೆಯವಳು ನಾಗವೇಣಿ, ಸೂಲಿಬೆಲೆ ಕಡೆಯವಳು. ಬೆಳಿಗ್ಗೆ ಎರಡು ಸೀಮೆಹಸುಗಳ ಹಾಲು ಕರೆದು, ಡೇರಿಗೆ ಹಾಕಿ, ಎಂಟಕ್ಕೆಲ್ಲ ಇಲ್ಲಿ ಹಾಜರು. ಜೋಡಣೆ ವಿಭಾಗಕ್ಕೆ ಸೇರಿದ್ದವಳು ನೋಡಿ ನೋಡಿಯೇ ಕಲಿತು ಟೆಸ್ಟಿಂಗಿಗೆ ಬಂದವಳು. ಅವಳು ಬರೆದ ರೀಡಿಂಗನ್ನು ನಾನು ಎರಡು ಸಲ ಮಾತ್ರ ಪರೀಕ್ಷಿಸುತ್ತೇನೆ. ನನ್ನ ಲೆಕ್ಕದಲ್ಲಿ ಅದು ಪದಕ ಕೊಟ್ಟ ಹಾಗೆ.

ಇಷ್ಟು ವರ್ಷದ ಅನುಭವಕ್ಕೆ ಇನ್ನೇನು ಅಭ್ಯಾಸ ಎಂದು ನಾನು ಆ ಸೈಟ್ ತೆರೆದೇ ಇರಲಿಲ್ಲ. ಎರಡು ವಾರವಾದ ಮೇಲೆ ಇಬ್ಬರ ಅಂಕ ಕೇಳಿದೆ. ಮುನಿರಾಜು ಐವತ್ತಕ್ಕೆ ಐವತ್ತು. ನಾಗವೇಣಿ ಇಪ್ಪತ್ತೇಳು. ಪಾಸಾಗಲು ಬೇಕಾದದ್ದು ಮೂವತ್ತು.

ನನಗೆ ಇಬ್ಬರ ಮೇಲೂ ಒಟ್ಟಿಗೆ ಅನುಮಾನ ಬಂತು. ಮುನಿರಾಜು ತನ್ನ ಮನೆಯ ರೇಷನ್ ಕಾರ್ಡಿನ ಬಗ್ಗೆ ಕೇಳಿದರೂ ಐವತ್ತಕ್ಕೆ ಐವತ್ತು ತೆಗೆಯುವವನಲ್ಲ. ಇನ್ನು ನಾಗವೇಣಿ ಊಟದ ಹೊತ್ತಿನಲ್ಲಿ ಹಳೆಯ ಡೈರಿಯೊಂದರಲ್ಲಿ ಏನೋ ಬರೆಯುತ್ತಿರುತ್ತಿದ್ದಳು. ನಾನು ಹತ್ತಿರ ಬಂದರೆ ಡೈರಿ ಮುಚ್ಚಿ ಟಿಫನ್ ಬಾಕ್ಸ್ ತೆರೆಯುತ್ತಿದ್ದಳು. ಇವಳು ಯಾರಿಂದಲೋ ಉತ್ತರ ಇಳಿಸಿಕೊಳ್ಳುತ್ತಿದ್ದಾಳೆ, ಅದೂ ತಪ್ಪು ಉತ್ತರ, ಎಂದುಕೊಂಡೆ. "ಪಾಸಾದ್ರೆ ಸಾಕು ಕಣಮ್ಮಾ, ರ‍್ಯಾಂಕ್ ಏನೂ ಬೇಡ" ಎಂದೂ ಒಂದು ದಿನ ದೊಡ್ಡ ಮನಸ್ಸು ಮಾಡಿ ಹೇಳಿದೆ. ಅವಳು ತಲೆ ತಗ್ಗಿಸಿ "ಸರಿ ಸಾರ್" ಎಂದಳು.

ಅದಾದ ಮೂರನೆಯ ದಿನ ಮಧ್ಯಾಹ್ನ ನಡೆದದ್ದನ್ನು ನೆನೆದರೆ ನಾನು ಈಗಲೂ ಒಂದು ಸಲ ಬೆರಳು ಎಣಿಸಿಕೊಳ್ಳುತ್ತೇನೆ. ದೊಡ್ಡದೊಂದು ಟ್ರಾನ್ಸ್‌ಫಾರ್ಮರಿನ ಸುರುಳಿಗೆ ಮುನಿರಾಜು ಮೆಗ್ಗರ್ ಹಾಕಿದ್ದ. ಮೆಗ್ಗರ್ ಎಂದರೆ ಐದು ಸಾವಿರ ವೋಲ್ಟ್ ಕೊಟ್ಟು ತಂತಿಯ ಹೊದಿಕೆ ಗಟ್ಟಿಯಿದೆಯೋ ಇಲ್ಲವೋ ಎಂದು ನೋಡುವ ಪೆಟ್ಟಿಗೆ. ನಮ್ಮದು ಹಳೆಯ ಕಾಲದ್ದು. ಅದನ್ನು ನಿಲ್ಲಿಸಿದರೂ ಸುರುಳಿಯೊಳಗೆ ಕರೆಂಟು ಹಾಗೇ ಕೂತಿರುತ್ತದೆ. ಅರ್ತ್ ರಾಡ್ ಮುಟ್ಟಿಸಿ ಅದನ್ನು ನೆಲಕ್ಕೆ ಇಳಿಸಿದ ಮೇಲೆಯೇ ಕೈ ಹಾಕಬೇಕು. ಹದಿನೆಂಟು ವರ್ಷದಿಂದ ಮುನಿರಾಜು ಹಾಗೇ ಮಾಡಿಕೊಂಡು ಬಂದವನು. ಆವತ್ತು ಮೆಗ್ಗರ್ ನಿಲ್ಲಿಸಿದವನೇ ಕ್ಲಿಪ್ ತೆಗೆಯಲು ಬರಿಗೈ ಚಾಚಿದ.

"ಅಣ್ಣಾ, ಮುಟ್ಬೇಡ!" ಎಂದು ನಾಗವೇಣಿ ಕಿರುಚಿಕೊಂಡು ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು. ಮುನಿರಾಜು ಹೋಗಿ ಖಾಲಿ ಎಣ್ಣೆ ಡ್ರಮ್ಮಿಗೆ ಬಡಿದು ಕೂತ. ಅವಳು ರಾಡ್ ತಂದು ಮುಟ್ಟಿಸಿದಳು. ಪಟ್ ಎಂದು ನೀಲಿ ಕಿಡಿ ಹಾರಿತು. ಆ ಸದ್ದು ಮುನಿರಾಜುವಿನ ಎದೆಯಲ್ಲಿ ಆಗಬೇಕಾಗಿದ್ದ ಸದ್ದು ಎಂದು ಮೂರು ಜನಕ್ಕೂ ಗೊತ್ತಿತ್ತು.

"ಏನೋ ಮುನಿರಾಜು ಇದು? ಏನಾಯ್ತೋ ನಿಂಗೆ?" ಎಂದೆ.

ಅವನು ಹಣೆಯ ಬೆವರು ಒರೆಸಿಕೊಂಡು, "ಪರೀಕ್ಷೇಲಿ ಹಿಂಗೇ ಐತೆ ಸಾರ್" ಎಂದ. "ಹದಿನೇಳನೇ ಪ್ರಶ್ನೆ. ಮೆಗ್ಗರ್ ಆದ್ಮೇಲೆ ಏನ್ ಮಾಡ್ಬೇಕು? ಕ್ಲಿಪ್ ತೆಗೆದು ಮುಂದಿನ್ ಕೆಲ್ಸ ಶುರು ಮಾಡ್ಬೇಕು. ಹಸ್ರು ಬರ್ತದೆ. ದಿನಾ ಅದನ್ನೇ ಒತ್ತಿ ಒತ್ತಿ, ಕೈ ತಾನೇ ಹೋಗ್ಬಿಡ್ತು."

ಆಗ ಎಲ್ಲ ಹೊರಬಂತು. ಮುನಿರಾಜು ಪ್ರಶ್ನೆಗಳನ್ನು ಓದಿಯೇ ಇರಲಿಲ್ಲ. ಯಾವುದನ್ನು ಒತ್ತಿದರೆ ಹಸಿರು ಬರುತ್ತದೋ ಅದನ್ನು ಬಾಯಿಪಾಠ ಮಾಡಿದ್ದ. ನಾಗವೇಣಿ ಓದಿ, ಯೋಚಿಸಿ, ಸರಿಯಾದದ್ದನ್ನು ಒತ್ತಿ, ಕೆಂಪು ತೆಗೆದುಕೊಂಡಿದ್ದಳು. ಡೈರಿ ತೋರಿಸು ಎಂದೆ. ಅದರ ತುಂಬ ಸೈಟಿನ ತಪ್ಪುಗಳ ಪಟ್ಟಿ: ಪ್ರಶ್ನೆ, ಅವರ ಉತ್ತರ, ತನ್ನ ಉತ್ತರ, ಯಾಕೆ ಎಂಬ ಒಂದು ಸಾಲು.

"ಮೊದಲೇ ನಂಗೆ ಹೇಳೋದಲ್ವೇನಮ್ಮಾ?"

"ನೀವು ಎಲ್ರುನ್ನೂ ಒಂಥರಾ ನೋಡ್ತೀರ ಸಾರ್. ಫೇಲಾಗಿದ್ದಕ್ಕೆ ಕತೆ ಕಟ್ತಾ ಇದಾಳೆ ಅಂದ್ಕೋತೀರೇನೋ ಅಂತ ಭಯ ಆಯ್ತು."

ಅಂದುಕೊಳ್ಳುತ್ತಿದ್ದೆ. ಆದ್ದರಿಂದ ಡೈರಿಯನ್ನು ಮೊದಲ ಪುಟದಿಂದ ಓದತೊಡಗಿದೆ.

ಮುಂದಿನ ಭಾನುವಾರ ಮೂವರೂ ನಮ್ಮ ಮನೆಯ ಊಟದ ಮೇಜಿನ ಮೇಲೆ ಐವತ್ತು ಪ್ರಶ್ನೆಗಳನ್ನೂ ಹರಡಿಕೊಂಡು ಕೂತೆವು. ಮಧ್ಯೆ ಪ್ರಭಾ ಕಲಸಿಟ್ಟ ಖಾರಾಪುರಿ. ಸೈಟಿನವರು ಯಾವುದೋ ಇಂಗ್ಲಿಷ್ ಪರೀಕ್ಷೆಯನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದ್ದರೆಂದು ಆಗ ತಿಳಿಯಿತು. ಕರೆಂಟು ಎಲ್ಲೆಲ್ಲೂ 'ಪ್ರಸ್ತುತ'ವಾಗಿತ್ತು: 'ಸೋರುತ್ತಿರುವ ಪ್ರಸ್ತುತವನ್ನು ಅಳೆಯಿರಿ' ಎಂಬ ವಾಕ್ಯವನ್ನು ಮುನಿರಾಜು ಎರಡು ವಾರ ಭಕ್ತಿಯಿಂದ ಒತ್ತಿದ್ದ. ಕರೆಂಟಿಲ್ಲದ ಲೈನು 'ಮೃತ ಸಾಲು'. ಒಂದು ಕಡೆಯಂತೂ ಅರ್ತಿಂಗ್ ಕೊಡಿ ಎನ್ನುವ ಬದಲು 'ಟ್ರಾನ್ಸ್‌ಫಾರ್ಮರನ್ನು ಮೊದಲು ಮಣ್ಣು ಮಾಡಿ, ನಂತರ ಪರೀಕ್ಷಿಸಿ' ಎಂದಿತ್ತು. ಕಾಫಿ ತಂದ ಪ್ರಭಾ ಅದನ್ನು ಕೇಳಿಸಿಕೊಂಡು, "ಮಣ್ ಮಾಡಿದ್ಮೇಲೆ ಇನ್ನೇನ್ ಪರೀಕ್ಷೆ, ತಿಥಿ ಮಾಡೋದಷ್ಟೇ" ಎಂದು ಲೋಟ ಇಟ್ಟು ಹೋದಳು. ಮುನಿರಾಜು ನಕ್ಕ, ಆಮೇಲೆ ಏನೋ ನೆನಪಾದವನಂತೆ ನಗು ನಿಲ್ಲಿಸಿದ.

ನಗುವ ತಪ್ಪುಗಳಿಗಿಂತ ನಗಲಾಗದ ತಪ್ಪುಗಳೇ ಹೆಚ್ಚಿದ್ದವು; ಯಂತ್ರದ ಕೈಯಲ್ಲಿ ಎಷ್ಟೋ ಕಡೆ ಹಸಿರು ಕೆಂಪುಗಳೇ ಅದಲುಬದಲಾಗಿದ್ದವು. ನಾನಂತೂ ಪೊಲೀಸಿನವನ ಹಾಗೆ ಕೂತಿದ್ದೆ. ಇಷ್ಟೊಂದು ತಪ್ಪು ತಾನಾಗಿ ಆಗಲು ಸಾಧ್ಯವೇ? ನಮ್ಮನ್ನೆಲ್ಲ ಪ್ಯಾಕಿಂಗಿಗೆ ಕಳಿಸಲು ಯಾರೋ ಹೂಡಿದ ಆಟವಿರಬಹುದೇ? ಪ್ರತಿ ಪ್ರಶ್ನೆಯನ್ನೂ ಕಳ್ಳನೆಂದೇ ಹಿಡಿದು ವಿಚಾರಿಸಿದೆ. ಕೊನೆಗೆ ನಾಗವೇಣಿಯ ಕೈಬರಹದಲ್ಲಿ ಇಪ್ಪತ್ಮೂರು ತಪ್ಪುಗಳ ಪಟ್ಟಿಯಾಯಿತು. ನಲವತ್ತೊಂದನೆಯದರ ಹತ್ತಿರ ಮಾತ್ರ ನಾಗವೇಣಿ, "ಸಾರ್, ಇದು ಸರಿ ಇದೆ ಅನ್ಸುತ್ತೆ" ಎಂದಳು. "ಸರಿ ಇರೋ ಥರ ಕಾಣೋದೇ ಅಪಾಯ ಕಣಮ್ಮಾ" ಎಂದು ಅದನ್ನೂ ಸೇರಿಸಿದೆ.

ಪಟ್ಟಿಯನ್ನು ಸೈಟಿನ ವಿಳಾಸಕ್ಕೆ ಕಳಿಸಿದ ಅರ್ಧ ನಿಮಿಷಕ್ಕೆ ಉತ್ತರ ಬಂತು: 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.' ಇಪ್ಪತ್ಮೂರು ತಪ್ಪನ್ನು ಅರ್ಧ ನಿಮಿಷದಲ್ಲಿ ಓದುವವರು ಯಾರು? ಅಲ್ಲಿ ಮನುಷ್ಯರಿದ್ದಾರೋ ಇಲ್ಲವೋ ಎಂದು ಟೆಸ್ಟ್ ಮಾಡಲು, 'ಈ ಸಲದ ನಿಂಬೆಕಾಯಿ ಉಪ್ಪಿನಕಾಯಿಗೆ ಬೂಷ್ಟು ಬಂದಿದೆ, ಏನು ಮಾಡಲಿ?' ಎಂದು ಬರೆದೆ. ಅರ್ಧ ನಿಮಿಷಕ್ಕೆ ಉಪ್ಪಿನಕಾಯಿಯ ವಿಷಯದಲ್ಲೂ ನನ್ನ ಅಭಿಪ್ರಾಯ ಅಮೂಲ್ಯವಾಯಿತು. ಆಮೇಲೆ ಸಿಟ್ಟು ಬಂದು, ಹದಿನೇಳನೇ ಪ್ರಶ್ನೆಯಿಂದ ನಮ್ಮ ಮುನಿರಾಜುವಿಗೆ ಏನಾಗುವುದರಲ್ಲಿತ್ತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆದು, ಫೋನ್ ನಂಬರನ್ನೂ ಹಾಕಿದೆ.

ಎರಡು ದಿನ ಬಿಟ್ಟು ಊಟದ ವಿರಾಮದಲ್ಲಿ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

"ಉಪ್ಪಿನಕಾಯಿ ಕೆಟ್ಟಿದೆ ಅಂತ ಬರ್ದಿದ್ದು ನೀವೇನಾ ಸಾರ್?"

ಅವರು ನೆಲಮಂಗಲದವರು, ಐಟಿಐಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಸೈಟಿನ ಕನ್ನಡ ಸರಿಮಾಡಿ ಕೊಡಿ ಎಂದು ಸೈಟಿನವರು ಹಿಂದಿನ ವಾರವಷ್ಟೇ ಅವರನ್ನು ಕೇಳಿಕೊಂಡಿದ್ದರಂತೆ. ನಾನು ತಕ್ಷಣ ನಂಬಲಿಲ್ಲ. "ಮೇಡಂ, ತಪ್ಪು ತಿಳೀಬೇಡಿ. ಮೆಗ್ಗರ್ ಆದ್ಮೇಲೆ ನೀವೇನ್ ಮಾಡ್ತೀರಿ?" ಎಂದೆ.

"ಎಷ್ಟು ಹೊತ್ತು ಟೆಸ್ಟ್ ಮಾಡಿದ್ನೋ ಅದರ ನಾಲ್ಕರಷ್ಟು ಹೊತ್ತು ಅರ್ತ್ ರಾಡ್ ಇಡ್ತೀನಿ. ಆಮೇಲೂ ಕೈ ಹಾಕಲ್ಲ, ಇನ್ನೊಂದ್ಸಲ ನೋಡ್ತೀನಿ" ಎಂದರು ಆಕೆ. ನನಗೆ ಸ್ವಂತ ಅಕ್ಕ ಸಿಕ್ಕ ಹಾಗಾಯಿತು.

"ಹದಿನೇಳನ್ನ ಆವತ್ತೇ ತೆಗೆಸಿದೆ. ಓದಿ ಎರಡು ರಾತ್ರಿ ನಿದ್ದೆ ಬರ್ಲಿಲ್ಲ. ಆ ಮುನಿರಾಜು ಚೆನ್ನಾಗಿದ್ದಾರಾ?" ಎಂದು ಕೇಳಿದರು. ಚೆನ್ನಾಗಿದ್ದಾನೆ, ಎದುರಿಗೇ ಮುದ್ದೆ ನುಂಗುತ್ತಿದ್ದಾನೆ ಎಂದೆ. "ಇಪ್ಪತ್ತೆರಡು ತಪ್ಪೂ ನಿಜ ಸಾರ್. ನಲವತ್ತೊಂದು ಮಾತ್ರ ಒಂಚೂರು ಜೋರಾಗಿ ಓದಿ ನೋಡ್ತೀರಾ?"

ಪಟ್ಟಿ ತೆಗೆದು ಓದಿದೆ. 'ಕೆಳಗಿನವುಗಳಲ್ಲಿ ಯಾವುದು ಸುರಕ್ಷಿತ ಕ್ರಮವಲ್ಲ?' ಆ 'ವಲ್ಲ' ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಉತ್ತರದಲ್ಲಿ ಕಳ್ಳನನ್ನು ಹುಡುಕುವ ಭರದಲ್ಲಿ ಪ್ರಶ್ನೆಯನ್ನೇ ಪೂರ್ತಿ ಓದಿರಲಿಲ್ಲ. ನಾಗವೇಣಿ ಪಕ್ಕದಲ್ಲಿ ಕೂತು ಮಜ್ಜಿಗೆಯ ಬಾಟಲಿಯ ಮುಚ್ಚಳವನ್ನೇ ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. "ಆ ಪಟ್ಟಿ ಬರೆದವರು ಯಾರು? ತುಂಬ ಅಚ್ಚುಕಟ್ಟು" ಎಂದು ಮೇಡಂ ಕೇಳಿದಾಗ ಫೋನನ್ನು ಅವಳ ಕೈಗೆ ಕೊಟ್ಟೆ. ಮುಂದಿನ ಪ್ರಶ್ನೆಗಳನ್ನು ಸೈಟಿಗೆ ಹಾಕುವ ಮೊದಲು ನೀನೂ ಒಂದು ಸಲ ನೋಡಿಕೊಡುತ್ತೀಯಾ ಎಂದು ಅವರು ಕೇಳಿದರಂತೆ. ಅವಳು "ಹಾಲ್ ಹಾಕಿ ಬಂದ್ಮೇಲೆ ನೋಡ್ತೀನಿ ಮೇಡಂ" ಎಂದದ್ದು ಮಾತ್ರ ನನಗೆ ಕೇಳಿಸಿತು.

ಪರೀಕ್ಷೆಯ ದಿನ ಮೂವರೂ ಬೆಂಗಳೂರಿಗೆ ಹೋದೆವು. ಕಂಪ್ಯೂಟರಿನ ಮುಂದೆ ಕೂತೆ. ಮೊದಲ ಪ್ರಶ್ನೆ: ಲೈನ್ ಆಫ್ ಮಾಡಿದ ಮೇಲೆ ಮೊದಲು ಏನು ಮಾಡಬೇಕು? ಕರೆಂಟು ನಿಜವಾಗಿ ಹೋಗಿದೆಯೇ ಎಂದು ಪರೀಕ್ಷಿಸಬೇಕು. ಉತ್ತರ ಎದುರಿಗೇ, ಮೊದಲನೆಯದಾಗಿಯೇ ಇತ್ತು. ಒತ್ತಿದೆ. ಒತ್ತಿದ ಮೇಲೆ ಅನುಮಾನ ಬಂತು. ಇಷ್ಟು ಸುಲಭದ್ದನ್ನು ಯಾರು ಕೇಳುತ್ತಾರೆ? ಪ್ರಶ್ನೆಯಲ್ಲಿ ಎಲ್ಲಾದರೂ 'ಅಲ್ಲ' ಅಡಗಿದೆಯೇ ಎಂದು ಮೂರು ಸಲ ಹುಡುಕಿದೆ. ಸಿಗಲಿಲ್ಲ. ಸಿಗದಿದ್ದದ್ದೇ ಇನ್ನಷ್ಟು ಅನುಮಾನಕ್ಕೆ ದಾರಿಯಾಯಿತು. ಬದಲಾಯಿಸಿದೆ. ಹೀಗೆ ಒತ್ತುವುದು, ಬದಲಾಯಿಸುವುದು ಇದರಲ್ಲೇ ಕೊನೆಯ ಏಳು ಪ್ರಶ್ನೆಗೆ ಹೊತ್ತೇ ಉಳಿಯಲಿಲ್ಲ. ನಾಗವೇಣಿ ಅಷ್ಟು ಹೊತ್ತಿಗೆ ಮುಗಿಸಿ ಹೊರಗೆ ಸೌತೆಕಾಯಿ ತಿನ್ನುತ್ತಿದ್ದಳು.

ಫಲಿತಾಂಶ ಬಂತು. ನಾಗವೇಣಿ ನಲವತ್ತೇಳು. ಈ ಸಲ ನಿಜವಾಗಿ ಓದಿದ ಮುನಿರಾಜು ನಲವತ್ತು. ನಾನು ಮೂವತ್ತೊಂದು. "ಪಾಸಾದ್ರಲ್ಲ ಸಾರ್, ಅಷ್ಟು ಸಾಕು" ಎಂದು ನಾಗವೇಣಿ ಬಹಳ ಮರ್ಯಾದೆಯಿಂದ ಹೇಳಿದಳು. ಮುನಿರಾಜು ಹೊರಗೆ ಹೋಗಿ, ಗೋಡೆಯ ಆ ಕಡೆ ನಿಂತು ನಕ್ಕ.

ಮೂವತ್ತೊಂದು ಬರಲು ಸಾಧ್ಯವೇ ಇಲ್ಲ ಎಂದು ನಾನು ಮರುಪರಿಶೀಲನೆಗೆ ಅರ್ಜಿ ಹಾಕಿದೆ. ಹದಿನೈದು ದಿನಕ್ಕೆ ಉತ್ತರ ಬಂತು: ಎಲ್ಲ ಉತ್ತರಗಳನ್ನೂ ಮತ್ತೆ ನೋಡಲಾಗಿದೆ, ಅಂಕಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ಪ್ರಭಾ ಅದನ್ನು ಓದಿ, "ಈಗ್ಲಾದ್ರೂ ನಂಬಿದ್ರಾ?" ಎಂದಳು.

"ನಂಬಿದೀನಿ" ಎಂದೆ.

ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕೈಯಿಂದ ಫೋನು ಕಿತ್ತುಕೊಂಡು, ನಾನು ಇನ್ನೊಂದು ಅರ್ಜಿ ಬರೆಯುತ್ತಿಲ್ಲ ತಾನೇ ಎಂದು ಪರೀಕ್ಷಿಸಿದಳು. ಅರ್ಧ ಬರೆದಾಗಿತ್ತು.