ಸ್ವಂತ ಎಂಜಿನ್ನಿನ ಮೇಲೆ ಬಂದವರು

ನಮ್ಮ ಪಡಸಾಲೆಯಲ್ಲಿ ನನಗಿಂತ ಹಿರಿಯದಾದ ಒಂದು ಮೋಟರ್‌ಸೈಕಲ್ಲು ವಾಸವಾಗಿತ್ತು. ಅದಕ್ಕೆ ಜಾಗ ಬಿಟ್ಟುಕೊಟ್ಟು ನನ್ನ ಹೆಂಡತಿ ಸುಜಾತಾಳ ಹೊಲಿಗೆ ಮಷೀನು ಹಿತ್ತಲಿನ ತಗಡಿನ ಶೆಡ್ಡಿಗೆ ಹೋಗಿತ್ತು. ಆಕೆ ಶೆಡ್ಡಿನಲ್ಲಿ ಬೆವರುತ್ತ ಓಣಿಯವರ ಜಂಪರು ಹೊಲಿಯುತ್ತಿದ್ದಳು; ಬೈಕು ಫ್ಯಾನಿನ ಕೆಳಗೆ ಎಣ್ಣೆ ತೊಟ್ಟಿಕ್ಕಿಸುತ್ತ ವಿಶ್ರಮಿಸುತ್ತಿತ್ತು.

ನಾನು ಬಿ.ಎಸ್ಸಿ., ಅದೂ ಭೌತಶಾಸ್ತ್ರ. ಹೀಗಾಗಿ ಹಳೇ ಗಾಡಿ ಮಾಲೀಕರ ವಾಟ್ಸಾಪ್ ಬಳಗಕ್ಕೆ (ಸದಸ್ಯರು ಮೂವರು) ಪ್ರಧಾನ ಸಲಹೆಗಾರ. ಯಾರ ಕಾರ್ಬ್ಯುರೇಟರ್ ಕೆಮ್ಮಿದರೂ, ಯಾರ ಪ್ಲಗ್ಗು ಕಪ್ಪಾದರೂ ಕಾರಣವನ್ನು ಕ್ರಮವಾಗಿ ವಿವರಿಸುತ್ತೇನೆ. ನನ್ನದೇ ಗಾಡಿ ಮಾತ್ರ ಅಂಗಳದಲ್ಲಿ ಗುಡುಗಿ, ಎಂಜಿನ್ ಕಾದೊಡನೆ ಸಮಾಧಿ ಸ್ಥಿತಿಗೆ ಹೋಗುತ್ತಿತ್ತು. (ಇದನ್ನು ಬಳಗಕ್ಕೆ ತಿಳಿಸುವ ಅಗತ್ಯ ಕಂಡುಬರಲಿಲ್ಲ.)

ಮಾಸೂರಿನ ಕೆರೆ ದಂಡೆಯಲ್ಲಿ ಗಾಡಿಗಳ ಸಮಾವೇಶ ನಡೆಸುವುದೆಂದಾದಾಗ ನಿಯಮ ಬರೆದವನೂ ನಾನೇ: ಪ್ರತಿ ಗಾಡಿಯೂ ಸ್ವಂತ ಎಂಜಿನ್ನಿನ ಬಲದಿಂದಲೇ ಸಭಾಸ್ಥಾನವನ್ನು ಪ್ರವೇಶಿಸತಕ್ಕದ್ದು. ಅದನ್ನು ಸುಜಾತಾಳಿಗೆ ಹೆಮ್ಮೆಯಿಂದ ಓದಿ ಹೇಳಿದೆ.

“ಭಾಳ ಚಲೋ ಆತು,” ಎಂದಳು. “ಹಿರೇಕೆರೂರಿಂದ ಮಾಸೂರಿಗೆ ಹೋಗಿ, ತಾನ ಹೊಳ್ಳಿ ಮನಿಗೆ ಬಂದ್ರ ಪಡಸಾಲಿ ಅದಕ್ಕ. ಬರಲಿಲ್ಲಂದ್ರ ನನ್ನ ಮಷೀನು ಒಳಗ, ಅದು ಶೆಡ್ಡಿಗೆ. ಒಪ್ಪಿಗಿ ಐತೇನ್ರಿ?”

ಒಪ್ಪಿದೆ. ಆಮೇಲೆ ನನ್ನ ನಿಯಮವನ್ನು ಮತ್ತೊಮ್ಮೆ ಓದಿದೆ. ಪ್ರವೇಶಕ್ಕೆ ಮೊದಲಿನ ದೂರವನ್ನು ಹೇಗೆ ಕ್ರಮಿಸಬೇಕೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಭಾನುವಾರ ಸುಜಾತಾ ಏಳುವ ಮೊದಲೇ ಬೈಕನ್ನು ಓಣಿಯ ತುದಿಗೆ ನೂಕಿ, ಬಾಡಿಗೆ ಟೆಂಪೋ ಹತ್ತಿಸಿ, ತಾಡಪತ್ರಿ ಹೊದಿಸಿದೆ. ಕೆರೆ ಏರಿಯ ಹಿಂದೆ, ಜಾಲಿ ಗಿಡಗಳ ಮರೆಯಲ್ಲಿ ಇಳಿಸಲು ಹೋದರೆ ಅಲ್ಲಿ ಆಗಲೇ ಎರಡು ಟೆಂಪೋ ನಿಂತಿದ್ದವು. ಒಂದರಿಂದ ನಮ್ಮ ಬಳಗದ ಸವಣೂರಿನ ಕುತುಬುದ್ದೀನ ತಮ್ಮ ಗಾಡಿ ಇಳಿಸುತ್ತಿದ್ದರು, ಇನ್ನೊಂದರಿಂದ ಹಾನಗಲ್ಲಿನ ಮೃತ್ಯುಂಜಯ.

“ಸರ, ಇವತ್ತ ಹವಾ ಚಲೋ ಐತಿ,” ಎಂದರು ಕುತುಬುದ್ದೀನ.

ಹೌದು, ಬಹಳ ಚಲೋ ಇದೆ ಎಂದೆ. ಮೃತ್ಯುಂಜಯ ಆಕಾಶ ನೋಡಿದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಮೂವರೂ ಹೊಗೆ ಎಬ್ಬಿಸುತ್ತ ದಂಡೆಗೆ ಚಿತ್ತೈಸಿದೆವು. ಸ್ವಲ್ಪ ಹೊತ್ತಿಗೆ ಸುಜಾತಾ ತನ್ನ ಸ್ಕೂಟಿಯಲ್ಲಿ ರೊಟ್ಟಿ ಬುತ್ತಿ ತಂದಳು. ಕುತುಬುದ್ದೀನರು ತಂದ ಖಾರಾ ಮೆಲ್ಲುತ್ತ ನಾವು ದಾರಿಯ ಸಾಹಸಗಳನ್ನು ಆಕೆಗೆ ವರ್ಣಿಸಿದೆವು. ನಾನಂತೂ ಒಂದು ದಿಬ್ಬದಲ್ಲಿ ಗೇರು ಬದಲಿಸಿದ ಸೂಕ್ಷ್ಮವನ್ನು ಕೈ ಆಡಿಸಿ ತೋರಿಸಿದೆ. ಆಕೆ ಪೂರ್ತಿ ಕೇಳಿದಳು.

“ಏರಿ ಹಿಂದ ಮೂರು ಟೆಂಪೋ ನಿಂತಿದ್ವು,” ಎಂದಳು, ಪಲ್ಯ ಬಡಿಸುತ್ತ. “ಯಾರಿಗೆ ಕಾಯಾಕತ್ತೀರಿ ಅಂದ್ರ, ಹಳೇ ಗಾಡಿಯವ್ರಿಗೆ ಅಂದ್ರು. ಏನೋ ತಪ್ಪಾಗೇತಿ, ನಮ್ಮವ್ರು ಗಾಡಿ ಹೊಡಕೊಂಡ ಬಂದಾರ, ಹೊಡಕೊಂಡ ಹೋಗ್ತಾರ ಅಂತ ಹೇಳಿ, ಉಣ್ಣಾಕ ರೊಟ್ಟಿ ಕೊಟ್ಟು ಕಳಿಸೇನಿ.”

ಮುಂದಿನ ರೊಟ್ಟಿ ಯಾರಿಗೂ ಬೇಕಾಗಲಿಲ್ಲ.

ಸಂಜೆ ಹೊರಟೆವು. ಏರಿ ಇಳಿಯುವಷ್ಟರಲ್ಲಿ ಮೂರೂ ಎಂಜಿನ್ನು ಒಂದರ ಹಿಂದೊಂದು ಸಮಾಧಿಗೆ ಹೋದವು. ಬೆನ್ನ ಹಿಂದೆ ಸ್ಕೂಟಿ ನಿಲ್ಲಿಸಿಕೊಂಡು ಸುಜಾತಾ, ಮಷೀನು ಕಿಟಕಿ ಕಡೆ ಇಡುವುದೋ ಫ್ಯಾನಿನ ಕೆಳಗೋ ಎಂದು ವಿಚಾರಿಸಿದಳು. ಫ್ಯಾನಿನ ಕೆಳಗೇ ಇರಲಿ ಎಂದೆ.

“ಸರ, ಏನರ ಸಲಹಾ ಕೊಡ್ರಿ,” ಎಂದರು ಕುತುಬುದ್ದೀನ.

“ನೂಕ್ರಿ,” ಎಂದೆ.

ನನ್ನ ಸಲಹೆಯಿಂದ ಬಳಗದ ಮೂರೂ ಗಾಡಿ ಒಟ್ಟಿಗೆ ಮುಂದೆ ಸಾಗಿದ್ದು ಅದೇ ಮೊದಲು.