ಎಲೆ ನೋಡದೇ ಎಲ್ಲವನ್ನೂ ಒಡ್ಡಿದ ಅಳಿಯ

ಮೂರೆಲೆ ಇಸ್ಪೀಟಿನಲ್ಲಿ ನನ್ನನ್ನು ಸೋಲಿಸುವವರು ಇನ್ನೂ ಹುಟ್ಟಬೇಕು ಎಂದು ಎಪ್ಪತ್ತರ ದಶಕದ ಕೊನೆಯವರೆಗೂ ನಾನು ನಂಬಿದ್ದೆ. ಆಗ ಯಲಬುರ್ಗಾದಲ್ಲಿ ಗುಮಾಸ್ತನಾಗಿದ್ದೆ. ರಜೆಯ ದಿನ ಗೆಳೆಯರೊಡನೆ ಆಡಿ ಆಡಿ ಒಂದು ಘನವಾದ ಸಿದ್ಧಾಂತವನ್ನೇ ಕಂಡುಹಿಡಿದಿದ್ದೆ: ಕೈಯಲ್ಲಿದ್ದದ್ದು ಕರಗಿಹೋಗುವ ಮೊದಲೇ, ಎಲೆ ಕೂಡ ನೋಡದೆ, ಎಲ್ಲವನ್ನೂ ಒಮ್ಮೆಲೇ ಒಡ್ಡಿಬಿಡಬೇಕು. ಎದುರಿನವರು ಹೆದರಿ ಎಲೆ ಕೆಳಗಿಡುತ್ತಾರೆ. ಆಟ ನಮ್ಮದು!

ಮದುವೆಯಾದ ಮೊದಲ ದೀಪಾವಳಿಗೆ ಹೆಂಡತಿ ಗಿರಿಜಾಳ ಜೊತೆ ಹನುಮಸಾಗರಕ್ಕೆ, ಮಾವನ ಮನೆಗೆ ಹೋದೆ. ಪಾಡ್ಯದ ಊಟ ಮುಗಿಯುತ್ತಲೇ ಮಾವ ತಣ್ಣಗೆ ಹೇಳಿದರು:

"ಗಿರಿಜಾ ಸಂಕ್ರಾಂತಿ ಮುಗಿಸಿ ಬರ್ತಾಳ. ನೀವು ಹೋಗಿ ಬರ್ರಿ."

ಸಂಕ್ರಾಂತಿಯವರೆಗೆ ನಾನು ಮಾಡಿದ ಅನ್ನವನ್ನು ನಾನೇ ತಿನ್ನಬೇಕೆ?

"ಇಲ್ರಿ ಮಾವಾರ, ನಾಳಿ ನನ್ನ ಕೂಡ ಕರ್ಕೊಂಡು ಹೋಗ್ತೀನ್ರಿ."

ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಅತ್ತೆ, "ಹಬ್ಬದಾಗ ಜಗಳ ಯಾಕ? ಇಸ್ಪೀಟ ಆಡ್ರಿ. ಗೆದ್ದವರು ಹೇಳಿದಂಗ ಆಗ್ಲಿ" ಎಂದರು.

ನನಗೆ ಒಳಗೊಳಗೇ ನಗು. ಗಿರಿಜಾಳ ಇಷ್ಟವೇನೆಂದು ಯಾರೂ ಕೇಳಲಿಲ್ಲ.

ಪಡಸಾಲೆಯಲ್ಲಿ ನಾಲ್ವರೂ ಕುಳಿತೆವು. ಒಬ್ಬೊಬ್ಬರಿಗೆ ಒಂದು ಬೊಗಸೆ ಹುಣಸೆ ಬೀಜ. ಪ್ರತಿ ಆಟಕ್ಕೂ ಎಲ್ಲರೂ ಒಂದು ಬೀಜ ಇಡಬೇಕು, ಬೀಜ ಮುಗಿದವರು ಏಳಬೇಕು.

ಮೊದಲ ಕೈಯಲ್ಲೇ ಆಸೆ ತಡೆಯದೆ ಎಲೆ ನೋಡಿದೆ: ಮೂರು ರಾಜ! ತಕ್ಷಣ ರಾಶಿಯನ್ನೆಲ್ಲ ನಡುವೆ ತಳ್ಳಿದೆ. ಮಾವ ನನ್ನ ಮುಖ ನೋಡಿ, "ಅಳಿಯಂದ್ರ ಮಾರಿ ಪಣತಿ ಹಚ್ಚಿದಂಗ ಆಗೇತಿ. ನಾ ವಲ್ಲೆ" ಎಂದು ಎಲೆ ಕೆಳಗಿಟ್ಟರು. ಉಳಿದವರೂ ಇಟ್ಟರು. ಮೂರು ರಾಜರು ದಂಡೆತ್ತಿ ಹೋಗಿ ಗೆದ್ದು ತಂದದ್ದು ಮೂರು ಹುಣಸೆ ಬೀಜ.

ಪಾಠ ಕಲಿತೆ. ಮುಂದಿನ ಸಲ ಕೆಲಸಕ್ಕೆ ಬಾರದ ಎಲೆ ಬಂದಾಗ ನಮ್ಮ ಕಚೇರಿಯ ಸಾಹೇಬರಂತೆ ಗಂಭೀರ ಮುಖ ಮಾಡಿ ಎಲ್ಲವನ್ನೂ ತಳ್ಳಿದೆ. ಮಾವ ಹೆದರಿದರು. ಗಿರಿಜಾ ಹಿಂದೆ ಸರಿದಳು. ಅತ್ತೆ ಮಾತ್ರ ತಮ್ಮ ರಾಶಿಯನ್ನೂ ನನ್ನದರ ಪಕ್ಕಕ್ಕೆ ಸರಿಸಿದರು.

"ಪಾಪ, ಅಳಿಯಂದ್ರು ಒಬ್ರ ಇಟ್ಟಾರ. ಜೋಡಿಗೆ ನಾನೂ ಇರ್ತೀನಿ."

ಅತ್ತೆಯ ಕೈಯಲ್ಲಿ ಎರಡು ಎಕ್ಕ! ನನ್ನ ಸಿದ್ಧಾಂತದಲ್ಲಿ ಎದುರಾಳಿಯ ಭಯಕ್ಕೆ ಲೆಕ್ಕವಿತ್ತು, ಅತಿಥಿಸತ್ಕಾರಕ್ಕೆ ಇರಲಿಲ್ಲ.

ಅತ್ತೆಯ ರಾಶಿಗೆ ಸಮವಾದಷ್ಟು ಹೋಗಿ ನನಗೆ ಉಳಿದದ್ದು ನಾಲ್ಕೇ ಬೀಜ, ಅದೂ ಮೂರು ರಾಜರ ಪುಣ್ಯ. ಕಣ್ಣು ಮುಚ್ಚಿ ಅವನ್ನೂ ಒಡ್ಡಿದೆ, ಗೆದ್ದೆ. ಮತ್ತೆ ಒಡ್ಡಿದೆ, ಮತ್ತೆ ಗೆದ್ದೆ. ನೋಡನೋಡುತ್ತ ಮಾವನ ಬೀಜಗಳೆಲ್ಲ ನನ್ನ ಮುಂದೆ ಬಂದವು, ಅತ್ತೆಯವು ಅರ್ಧ ನನಗೆ, ಅರ್ಧ ಗಿರಿಜಾಳಿಗೆ. ಈಗ ಉಳಿದವರು ಗಂಡ ಹೆಂಡತಿ, ಇಬ್ಬರ ರಾಶಿಯೂ ಸಮಸಮ.

ಎಲೆ ಹಂಚಿದರು. ನಾನು ಮುಟ್ಟಲೂ ಇಲ್ಲ. ಎಲ್ಲವನ್ನೂ ತಳ್ಳಿಬಿಟ್ಟೆ. ಗಿರಿಜಾ ತನ್ನ ಎಲೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ತಲೆ ತಗ್ಗಿಸಿ ತಾನೂ ಎಲ್ಲವನ್ನೂ ತಳ್ಳಿದಳು. ತವರು ಬಿಟ್ಟು ಬರಲು ಇವಳಿಗೆ ಇಷ್ಟವಿಲ್ಲವೇ?

ಮಾವ ಅವಳ ಎಲೆ ತೆರೆದರು. ಎರಡು, ನಾಲ್ಕು, ಏಳು. ಜೋಡಿಯಿಲ್ಲ, ಬಣ್ಣವಿಲ್ಲ, ಏನೂ ಇಲ್ಲ.

"ಇಂಥಾ ಎಲಿ ನೋಡಿ ಎಲ್ಲಾ ಇಟ್ಟಿ ಏನವ್ವಾ?"

ಗಿರಿಜಾ ಸೆರಗಿನ ತುದಿ ತಿರುವುತ್ತ ಕುಳಿತಳು. ಮಾವನಿಗೆ ಅರ್ಥವಾಯಿತು. ಅತ್ತೆ ನಕ್ಕು ಕಣ್ಣೊರೆಸಿಕೊಂಡರು. ನನಗಂತೂ ಎದ್ದು ಕುಣಿಯುವಷ್ಟು ಸಂತೋಷ. ನನ್ನ ಜೊತೆ ಬರಲೆಂದೇ ಸೋಲಲು ಹೊರಟಿದ್ದಾಳೆ! ಠೀವಿಯಿಂದ ನನ್ನ ಎಲೆ ತಿರುವಿದೆ.

ಎರಡು, ಮೂರು, ಐದು.

ನಾವು ಆಡುವ ಆಟದಲ್ಲಿ ಅದಕ್ಕಿಂತ ಕೀಳಾದ ಎಲೆಗಳೇ ಇಲ್ಲ!

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, "ಗೆದ್ದಾಕಿ ನೀನು. ಏನ್ಮಾಡೂಣು, ಹೇಳು" ಎಂದರು.

"ನಾಳಿ ಬಸ್ಸಿಗೆ ಹೋಗ್ತೀವಪ್ಪಾ" ಎಂದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಮರುದಿನ ಬಸ್ಸಿನಲ್ಲಿ, ಅತ್ತೆ ಕಟ್ಟಿಕೊಟ್ಟ ಕರಜಿಕಾಯಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗಿರಿಜಾ ಕಿಟಕಿಯ ಕಡೆ ತಿರುಗಿ ನಗುತ್ತಲೇ ಇದ್ದಳು.

"ಯಾಕ ನಗ್ತಿ?"

"ಬರ್ತೀಯೇನು ಅಂತ ನನ್ನ ಒಂದು ಮಾತು ಕೇಳಿದ್ರ ಸಾಕಿತ್ತಲ್ರೀ!"

ಆ ಉಪಾಯ ನನಗೆ ಹೊಳೆದೇ ಇರಲಿಲ್ಲ.