ಟೇಕಡಿಯ ಮೇಲೆ ಸಂನ್ಯಾಸ

ಐವತ್ತು ತುಂಬಿದ ದಿನ ನಾನು ಲೋಕವನ್ನೇ ತ್ಯಜಿಸಲು ನಿರ್ಧರಿಸಿದೆ. ಪೂರ್ತಿಯಾಗಿ ಅಲ್ಲ, ಬೆಳಿಗ್ಗೆ ಆರರಿಂದ ಎಂಟರವರೆಗೆ!

ಅದು ಎಂಬತ್ತಮೂರನೇ ಇಸವಿ. ಪುಣೆಯ ಕೋಥರೂಡದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ವರ್ಷಗಟ್ಟಲೆ ಗಲ್ಲಾದಲ್ಲಿ ಕೂತು ಕಿರುಚಿ ಕಿರುಚಿ ನನಗೆ ಬಿ.ಪಿ. ಅಂಟಿಕೊಂಡಿತ್ತು. ಕೂತರೆ ಏಳಬೇಕು ಅನಿಸುತ್ತಿತ್ತು. ಎದ್ದರೆ ಅಡುಗೆಮನೆಗೆ ನುಗ್ಗಬೇಕು ಅನಿಸುತ್ತಿತ್ತು. ನುಗ್ಗಿದರೆ ಅಡುಗೆಯ ಮೋಹನದಾಸನ ಮೇಲೆ ಹರಿಹಾಯದೆ ಹೊರಬರಲು ಆಗುತ್ತಿರಲಿಲ್ಲ! ಡಾಕ್ಟರು, "ಗಿಡಮರಗಳ ನಡುವೆ ಕಣ್ಣು ಮುಚ್ಚಿ ಕೂತು ಉಸಿರಾಟ ಗಮನಿಸಿ, ಮನಸ್ಸು ತಣ್ಣಗಾಗುತ್ತದೆ" ಎಂದರು.

ನಾನು ಹೆಂಡತಿ ಲೀಲಾಕ್ಷಿಯ ಮುಂದೆ ಎದೆಯುಬ್ಬಿಸಿ ಸಾರಿದೆ: "ನಾಳೆಯಿಂದ ಟೇಕಡಿ ಮೇಲೆ ಧ್ಯಾನ! ಹೋಟೆಲಿನ ಚಿಂತೆ ಇನ್ನು ನನಗಿಲ್ಲ!"

"ಗಲ್ಲಾದಲ್ಲಿ ಯಾರು ಕೂರುವುದು ಮಾರಾಯ್ರೆ?"

"ನೀನೇ ಕೂತ್ಕೋ. ನಿನ್ನಿಂದ ಆಗ್ಲಿಕ್ಕಿಲ್ಲ ಅಂತ ಗೊತ್ತುಂಟು, ಆದ್ರೂ..."

"ಆಗ್ದೆ ಎಂಥ? ಹೋಗಿ ಬನ್ನಿ, ಆರಾಮಲ್ಲಿ ಬನ್ನಿ."

ಅವಳು ಇಷ್ಟು ಬೇಗ ಒಪ್ಪಬಾರದಿತ್ತು! ನಿಮ್ಮಲ್ಲಿ ಮುಚ್ಚುಮರೆ ಯಾಕೆ? ನನ್ನ ವೈರಾಗ್ಯದ ಒಳಗೊಂದು ಆಸೆ ಅಡಗಿತ್ತು. ನಾನಿಲ್ಲದೆ ಹೋಟೆಲು ಮುಗ್ಗರಿಸಬೇಕು, ಸಾಂಬಾರು ಸೀಯಬೇಕು, ಗಿರಾಕಿಗಳು "ಅಣ್ಣಾ ಎಲ್ಲಿ?" ಎಂದು ಗೋಳಾಡಬೇಕು. ಐವತ್ತಾದ ಮೇಲೂ ನಾನು ಬೇಕಾದವನು ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಆ ಒಂದು ಮಾತಿಗಾಗಿ ನನ್ನ ಜೀವ ಹಪಹಪಿಸುತ್ತಿತ್ತು.

ಕೋಥರೂಡದ ಬೆನ್ನಿಗಿರುವ ಗುಡ್ಡವನ್ನು ಇಲ್ಲಿಯವರು ಟೇಕಡಿ ಅನ್ನುತ್ತಾರೆ. ಬೆಳಗಾದರೆ ಅಲ್ಲಿ ತಂಪು ಗಾಳಿ, ಬೇವಿನ ಮರ, ನವಿಲು! ನಾನೊಂದು ಬಂಡೆ ಹಿಡಿದು ಪದ್ಮಾಸನ ಹಾಕಿದೆ. ಉಸಿರು ಒಳಗೆ ಎಳೆದರೆ, ಸಾಂಬಾರಿಗೆ ಉಪ್ಪು ಬಿತ್ತೋ? ಹೊರಗೆ ಬಿಟ್ಟರೆ, ಚಟ್ನಿ ನೀರಾಯಿತೋ? ನವಿಲು ಕೂಗಿದಾಗ ಗಿರಾಕಿ ಕರೆದಂತಾಗಿ "ಬಂದೆ ಸ್ವಾಮಿ!" ಎಂದು ಎದ್ದೇ ಬಿಟ್ಟೆ. ಪಕ್ಕದಲ್ಲಿ ಶವಾಸನದಲ್ಲಿದ್ದ ಮುದುಕರೊಬ್ಬರು ಬೆಚ್ಚಿ ಎದ್ದು ಕೂತರು.

ಕೊನೆಗೆ ಒಂದು ಉಪಾಯ ಹೂಡಿದೆ. ಎಲ್ಲರೂ ಸೂರ್ಯನಿಗೆ ಮುಖ ಮಾಡಿ ಕೂರುತ್ತಿದ್ದರು, ನಾನು ನಮ್ಮ ಹೋಟೆಲಿನ ಚಿಮಣಿಗೆ ಮುಖ ಮಾಡಿ ಕೂತೆ! ನಮ್ಮದು ಸೌದೆ ಒಲೆ. ಹೊಗೆ ದಪ್ಪಗೆ ಕರ್ರಗೆ ಏರಿದರೆ ಬಾಯ್ಲರ್ ಹೊತ್ತಿತು, ತೆಳ್ಳಗೆ ನೀಲಿಯಾದರೆ ದೋಸೆಕಲ್ಲು ಕಾಯಿತು. ಲೀಲಾಕ್ಷಿ ಗ್ಯಾಸ್ ಒಲೆ ತರೋಣ ಎಂದು ಪೀಡಿಸುತ್ತಲೇ ಇದ್ದಳು. "ಹೊಗೆಯ ವಾಸನೆ ಇಲ್ಲದ ಸಾಂಬಾರು ಒಂದು ಸಾಂಬಾರಾ?" ಎಂದು ಪ್ರತಿ ಸಲವೂ ಅವಳ ಬಾಯಿ ಮುಚ್ಚಿಸಿದ್ದೆ. ಈಗ ಆ ಹೊಗೆಯೇ ನನ್ನ ಧ್ಯಾನದ ವಿಗ್ರಹ! ಅದು ಏರುತ್ತಿರುವ ತನಕ ನನ್ನ ಉಸಿರಾಟ ಸರಾಗ. ಬಿ.ಪಿ. ಕೂಡ ಸ್ವಲ್ಪ ಇಳಿಯಿತು.

ಒಂದು ಭಾನುವಾರ ಧ್ಯಾನದ ನಡುವೆ ಒಂದೇ ಒಂದು ಕಣ್ಣು ತೆರೆದು ನೋಡುತ್ತೇನೆ, ಚಿಮಣಿಯಲ್ಲಿ ಹೊಗೆಯೇ ಇಲ್ಲ!

ಭಾನುವಾರದ ರಶ್ಶಿನಲ್ಲಿ ಒಲೆ ಆರಿದೆ! ನಾನಿಲ್ಲದೆ ಹೋಟೆಲು ಮುಳುಗಿತು! ದುಃಖವಾಯಿತು ಎಂದರೆ ಅರ್ಧ ಸುಳ್ಳು. ಪಂಚೆ ಎತ್ತಿ ಕಟ್ಟಿ ಗುಡ್ಡ ಇಳಿದು ಓಡಿದೆ. ಒಂದು ಚಪ್ಪಲಿ ಮುಳ್ಳುಪೊದೆಗೆ ಅರ್ಪಿತವಾಯಿತು. ಗುಡ್ಡದ ಬುಡದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಗಾರೆ ಕೆಲಸ ಮಾಡುವ ಯಾದಗಿರಿ ಕಡೆಯ ಭೀಮಣ್ಣ ನಮ್ಮ ಖಾಯಂ ಗಿರಾಕಿ.

"ಸಾವ್ಕಾರ್ರ, ಏನಾತ್ರಿ? ಹಿಂಗ್ಯಾಕ ಓಡ್ಲಾಕತ್ತೀರಿ?"

"ನನ್ನ ಹೋಟ್ಲು! ಹೋಯ್ತು ಭೀಮಣ್ಣ, ಎಲ್ಲಾ ಹೋಯ್ತು!" ಎಂದು ಕೈ ತೋರಿಸುತ್ತ ಓಡಿದೆ.

ಬಡಪಾಯಿ ಏನೆಂದುಕೊಂಡಾನು? ಪುಟ್ಟಿಯಲ್ಲಿ ಮರಳು ತುಂಬಿಕೊಂಡು ನನ್ನ ಬೆನ್ನು ಹತ್ತಿದ. ಅವನ ಬೆನ್ನಿಗೆ ಅವನ ಗ್ಯಾಂಗು, ಒಬ್ಬೊಬ್ಬರ ಕೈಯಲ್ಲೂ ಬಕೆಟ್ಟು! ದಾರಿಯಲ್ಲಿ "ಕಾಯ್ ಝಾಲಂ? ಕಾಯ್ ಝಾಲಂ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳುತ್ತ ಹಾಲಿನವರು, ಪೇಪರಿನವರು ಸೇರಿಕೊಂಡರು. ನಮ್ಮ ದಂಡು ಹೋಟೆಲಿಗೆ ನುಗ್ಗಿದಾಗ ಮುಂದಿನ ಟೇಬಲ್ಲಿನ ಮಸಾಲೆ ದೋಸೆಯ ಮೇಲೆ ಅರ್ಧ ಪುಟ್ಟಿ ಮರಳು ಸುರಿದು ಹೋಯಿತು.

"ಬೆಂಕಿ ಎಲ್ಲಿ ಅದರಿ?" ಭೀಮಣ್ಣ ಕೂಗಿದ.

"ಬೆಂಕಿ ಇಲ್ಲ ಮಾರಾಯ! ಅದಕ್ಕೇ ಓಡಿ ಬಂದದ್ದು!"

"ಬೆಂಕಿ ಇಲ್ಲಂತ ಓಡಿ ಬಂದ್ರೇನ್ರಿ?" ಅವನು ಪುಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. ಬೇರೆಯವರೂ ನೋಡಿದರು.

ನಾನು ಹೋಟೆಲನ್ನು ನೋಡಿದೆ. ಒಂದು ಕುರ್ಚಿಯೂ ಖಾಲಿ ಇಲ್ಲ. ಕಿರುಚಾಟ ಇಲ್ಲ, ಕೆಮ್ಮು ಇಲ್ಲ. ಗಲ್ಲಾದಲ್ಲಿ ಲೀಲಾಕ್ಷಿ, ಮುಡಿಯಲ್ಲಿ ಅಬ್ಬಲಿಗೆ!

"ಧ್ಯಾನ ಬೇಗ ಮುಗೀತಾ?" ಎಂದಳು.

"ಒಲೆ ಎಲ್ಲಿ? ಹೊಗೆ ಎಲ್ಲಿ?"

"ಗ್ಯಾಸ್ ಹಾಕಿಸ್ದೆ. ಬೆಳಿಗ್ಗೆ ನೀವು ಆಚೆ ಹೋದದ್ದು, ಮೋಹನದಾಸ್ ಈಚೆ ಹೊತ್ತಿಸಿದ್ದು."

"ನನ್ನನ್ನು ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿ ಕೇಳಿ ಬಾಯಿ ನೋವು ಬಂತು. ನೀವು ಒಲೆಯ ಎದುರೇ ನಿಂತ್ರೆ ಒಲೆ ಬದಲಾಯಿಸುವುದು ಹೇಗೆ ಹೇಳಿ? ಭೀಮಣ್ಣ, ಎಲ್ಲರೂ ಕೂತ್ಕೊಳ್ಳಿ, ತಿಂಡಿ ತಿಂದೇ ಹೋಗಿ."

ನನ್ನ ಮುಂದೆಯೂ ಒಂದು ತಟ್ಟೆ ಬಂತು. ಸಾಂಬಾರಿನಲ್ಲಿ ತಪ್ಪು ಹುಡುಕಿದೆ. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಕಣ್ಣೀರಿನ ತಪ್ಪನ್ನು ಹೊಗೆಯ ಮೇಲೆ ಹಾಕೋಣವೆಂದರೆ ಈಗ ಹೊಗೆಯೂ ಇರಲಿಲ್ಲ!

"ಹಾಳಾಗಿ ಹೋಗಲಿ ಆ ಧ್ಯಾನ!" ಎಂದು ತಟ್ಟೆ ತಳ್ಳಿದೆ. "ನಾಳೆಯಿಂದ ನಾನು ಟೇಕಡಿಗೆ ಹೋಗುವುದಿಲ್ಲ. ಗಲ್ಲಾದಲ್ಲೇ ಕೂರ್ತೇನೆ!"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಮೋಹನದಾಸ ಬಾಗಿಲಿಗೆ ಬಂದು ಗಾಬರಿಯಿಂದ ಲೀಲಾಕ್ಷಿಯ ಮುಖ ನೋಡಿದ. ಅವಳು ಗಲ್ಲಾ ಬಿಟ್ಟು ಓಡಿಬಂದು ನನ್ನ ಕೈ ಹಿಡಿದುಕೊಂಡಳು. ಬಂತು, ನಾನು ಕಾದಿದ್ದ ಮಾತು ಬಂತು ಎಂದು ಎದೆ ಕುಣಿಯಿತು!

"ಹಾಗೆ ಮಾತ್ರ ಮಾಡ್ಬೇಡಿ ಮಾರಾಯ್ರೆ!" ಎಂದು ಅಂಗಲಾಚಿದಳು. "ನಿಮ್ಮ ಧ್ಯಾನದಿಂದ ನಮಗೆಲ್ಲ ಎಷ್ಟು ಮನಶ್ಶಾಂತಿ ಸಿಕ್ಕಿದೆ ಗೊತ್ತುಂಟಾ? ಸಾಧ್ಯ ಆದ್ರೆ ಸಂಜೆಯೂ ಹೋಗಿ!"